ನೂರರ ಹತ್ತಿರದ ಇಗರ್ಜಿ (ಚರ್ಚ್): ಕೆಡವಬೇಕೇ, ರಿಪೇರಿ ಸಾಕೇ? ಗೋಡೆ ತೇವ, ಮಾಡು (ಛಾವಣಿ), ರ‍್ಯಾಂಪ್, ಮೈಕ್ ಬಗ್ಗೆ ಸಲಹೆ ಬೇಕು

ಪರಿಷತ್_ಸದಸ್ಯ:

ಎಲ್ಲರಿಗೂ ನಮಸ್ಕಾರ. ಉಡುಪಿ ಕಡೆಯ ಇಗರ್ಜಿ, 1920ರ ದಶಕದ ಕಟ್ಟಡ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ 60 ಸೆಂ.ಮೀ. ದಪ್ಪ, ಮರದ ಪಕ್ಕಾಸು (ಮಾಡಿನ ಓರೆ ತೊಲೆ), ಮಂಗಳೂರು ಹಂಚು. ಒಳಗೆ 28 ಮೀಟರ್ ಉದ್ದ, 11 ಮೀಟರ್ ಅಗಲ. ಸುಮಾರು 240 ಕುಟುಂಬಗಳ ಧರ್ಮಕೇಂದ್ರ.

ತೊಂದರೆಗಳು ಹೀಗಿವೆ. ಗೋಡೆಗೆ ಹಿಂದೆ ಸಿಮೆಂಟ್ ಗಾರೆ ಮಾಡಿ ಕೆಳಗೆ 1.2 ಮೀಟರ್ ಎತ್ತರಕ್ಕೆ ಟೈಲ್ಸ್ ಅಂಟಿಸಿದ್ದರು. ಈಗ ಟೈಲ್ಸ್ ಮೇಲ್ಗಡೆ ಪೈಂಟ್ ಹಪ್ಪಳದ ಹಾಗೆ ಏಳುತ್ತದೆ, ಬಿಳಿ ಪುಡಿ ಉದುರುತ್ತದೆ. ಮುಖ್ಯ ಬಾಗಿಲಿಗೆ ಮೂರು ಮೆಟ್ಟಿಲು, ವಯಸ್ಸಾದವರನ್ನು ಎತ್ತಿಕೊಂಡೇ ಬರಬೇಕು. ಹಿಂದಿನ ಬೆಂಚುಗಳಿಗೆ ಪ್ರವಚನ ಕೇಳುವುದಿಲ್ಲ. ಸರಿಯಾದ ಶೌಚಾಲಯ ಇಲ್ಲ. ವಾರದ ದಿನಗಳಲ್ಲಿ ಸ್ವಸಹಾಯ ಸಂಘದ ಸಭೆ, ಆರೋಗ್ಯ ಶಿಬಿರ, ಮಕ್ಕಳ ಟ್ಯೂಷನ್‌ಗೂ ಜಾಗ ಬೇಕು. ಈ ಶಿಬಿರಗಳಿಗೆ ಊರಿನ ಎಲ್ಲ ಮತದವರೂ ಬರುತ್ತಾರೆ.

ಕಂಟ್ರಾಕ್ಟರ್ ಕೊಟ್ಟ ಪ್ಲಾನ್: ಹಂಚು ಮರ ಎಲ್ಲ ತೆಗೆದು ಕಬ್ಬಿಣದ ಟ್ರಸ್ (ಮಾಡು ಹೊರುವ ತ್ರಿಕೋನ ಚೌಕಟ್ಟು), ಹಂಚಿನ ಆಕಾರದ ಶೀಟ್, ಪಿವಿಸಿ ಸೀಲಿಂಗ್, ವಿಟ್ರಿಫೈಡ್ ನೆಲ, ಎದುರಿಗೆ ಗ್ರಾನೈಟ್. ಕೆಲವರು ಇದನ್ನು ಕೆಡವಿ ಹೊಸದೇ ಕಟ್ಟುವ ಅನ್ನುತ್ತಾರೆ. ಯಾವುದು ಮೊದಲು, ಯಾವುದು ಬೇಡ?

ಸುಣ್ಣಗಾರೆ:

ಗೋಡೆ ಬಿರುಕು ಬಿಟ್ಟು ವಾಲದಿದ್ದರೆ ಕೆಡವುವ ಮಾತೇ ಬೇಡ. 60 ಸೆಂ.ಮೀ. ಮುರಕಲ್ಲಿನ ಗೋಡೆಯನ್ನು ಇವತ್ತು ಯಾರೂ ಕಟ್ಟಿಕೊಡುವುದಿಲ್ಲ. ನಿಮ್ಮ ಗೋಡೆಗೆ ಬಂದಿರುವ ರೋಗ ಸಿಮೆಂಟಿನದ್ದು.

ಮುರಕಲ್ಲು ನೀರು ಕುಡಿಯುವ ಕಲ್ಲು. ನೆಲದಿಂದ ಏರಿದ ತೇವ ಮೊದಲು ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತಿತ್ತು. ಸಿಮೆಂಟ್, ಟೈಲ್ಸ್, ಪ್ಲಾಸ್ಟಿಕ್ ಪೈಂಟ್ ಸೇರಿ ಆ ದಾರಿ ಮುಚ್ಚಿವೆ. ಹಾಗಾಗಿ ನೀರು ಟೈಲ್ಸ್ ದಾಟುವ ತನಕ ಮೇಲೇರಿ ಅಲ್ಲಿ ಆರುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಆ ಬಿಳಿ ಪುಡಿ ಅದೇ. ಟೈಲ್ಸನ್ನು ಇನ್ನೂ ಎತ್ತರಕ್ಕೆ ಹಾಕಿದರೆ ತೇವವೂ ಅಷ್ಟೇ ಎತ್ತರಕ್ಕೆ ಹೋಗುತ್ತದೆ.

ಮೊದಲು ಹೊರಗೆ ನೋಡಿ. ಅಂಗಳಕ್ಕೆ ಇಂಟರ್‌ಲಾಕ್ ಹಾಕುವಾಗ ನೆಲ ಏರಿಸಿ ಗೋಡೆಗೆ ತಾಗಿಸಿರುತ್ತಾರೆ, ಹೆಚ್ಚಿನ ಕಡೆ ಮೂಲ ಇದೇ. ಅಂಗಳ ಒಳಗಿನ ನೆಲಕ್ಕಿಂತ ಕನಿಷ್ಠ 15–20 ಸೆಂ.ಮೀ. ಕೆಳಗಿರಬೇಕು. ಗೋಡೆ ಬುಡದ 60 ಸೆಂ.ಮೀ. ಪಟ್ಟಿಯಲ್ಲಿ ಇಂಟರ್‌ಲಾಕ್ ಕಿತ್ತು ಜಲ್ಲಿ ತುಂಬಿ, ಅದರಾಚೆ ತೆರೆದ ಚರಂಡಿ ಮಾಡಿ. ಮಾಡಿನ ನೀರು ದಂಬೆ (ಸೂರಿನ ನೀರು ಹಿಡಿಯುವ ತೋಡು), ಪೈಪ್ ಮೂಲಕ ಆ ಚರಂಡಿಗೇ ಹೋಗಬೇಕು. ವರ್ಷಕ್ಕೆ 3500 ಮಿ.ಮೀ. ದಾಟುವ ಮಳೆ ನಮ್ಮದು, ಇಳಿನೀರು ಬುಡಕ್ಕೆ ರಾಚುತ್ತಿದ್ದರೆ ಒಳಗೆ ಏನು ಬಳಿದರೂ ದಂಡ.

ಆಮೇಲೆ ಟೈಲ್ಸ್ ಮತ್ತು ಸಿಮೆಂಟ್ ಗಾರೆಯನ್ನು ತೇವದ ಗೆರೆಗಿಂತ ಅರ್ಧ ಮೀಟರ್ ಮೇಲಿನ ತನಕ ಉಳಿಯಿಂದ ಬಿಡಿಸಿ. ಬ್ರೇಕರ್ ಬೇಡ, ಕಲ್ಲಿನ ಮುಖ ಒಡೆಯುತ್ತದೆ. ಸಂದುಗಳನ್ನು 20–25 ಮಿ.ಮೀ. ಆಳಕ್ಕೆ ಕೆರೆದು, ಲವಣವನ್ನು ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ ಹೊರಗೆ ಎಸೆಯಿರಿ. ನೀರು ಹಾಕಿ ತೊಳೆದರೆ ಲವಣ ಕರಗಿ ವಾಪಸ್ ಒಳಗೇ ಹೋಗುತ್ತದೆ. ಗೋಡೆ ಆರುವ ವೇಗ ಒಂದು ಬದಿಯಿಂದ ತಿಂಗಳಿಗೆ ಸುಮಾರು ಒಂದು ಇಂಚು. ನಿಮ್ಮ ಗೋಡೆ ಎರಡೂ ಬದಿ ಬಿಚ್ಚಿಟ್ಟರೂ ಪೂರ್ತಿ ಆರಲು ವರ್ಷ ಬೇಕು. ಶತಮಾನೋತ್ಸವಕ್ಕೆ ಚಂದ ಕಾಣಬೇಕೆಂದು ಎರಡೇ ತಿಂಗಳಲ್ಲಿ ಗಾರೆ ಹಚ್ಚಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಹೊಸ ಗಾರೆ: ಕನಿಷ್ಠ 15 ದಿನ ನೀರಲ್ಲಿ ಕೊಳೆಹಾಕಿದ ಸುಣ್ಣ 1, ಮರಳು 3. ಮಳೆ ಹೊಡೆಯುವ ಹೊರಮೈಗೆ ಸುಣ್ಣ 1, ಇಟ್ಟಿಗೆ ಪುಡಿ 1, ಮರಳು 2. ಒಂದು ಪದರ 10–12 ಮಿ.ಮೀ. ಮೀರಬಾರದು. ಒದ್ದೆ ಗೋಣಿ ಕಟ್ಟಿ ಹತ್ತು ದಿನ ತಣ್ಣಗಿಡಿ, ಬಿಸಿಲಿಗೆ ಬಿಟ್ಟರೆ ಜೇಡರ ಬಲೆಯಂಥ ಬಿರುಕು ಬರುತ್ತದೆ. ಬೇಗ ಗಟ್ಟಿಯಾಗಲಿ ಎಂದು ಮೇಸ್ತ್ರಿ ಎರಡು ಬುಟ್ಟಿ ಸಿಮೆಂಟ್ ಸೇರಿಸುವುದುಂಟು, ಅಲ್ಲಿ ಒಬ್ಬರು ನಿಂತಿರಿ. ಮೇಲೆ ಸುಣ್ಣದ ನೀರು, ತೆಳುವಾಗಿ ಮೂರ್ನಾಲ್ಕು ಸಲ.

ಗೋಡೆಗೆ ತೂತು ಕೊರೆದು ಕೆಮಿಕಲ್ ತುಂಬುವವರು ಬರುತ್ತಾರೆ. ಮುರಕಲ್ಲಿನೊಳಗೆ ಪೊಟರೆ ಜಾಸ್ತಿ, ಮದ್ದು ಒಂದು ಸಾಲಾಗಿ ನಿಲ್ಲುವುದಿಲ್ಲ. ಆ ದುಡ್ಡನ್ನು ಚರಂಡಿಗೆ ಹಾಕಿ. ವಿಟ್ರಿಫೈಡ್ ನೆಲವೂ ಬೇಡ: ನೆಲದ ತೇವವನ್ನು ಅದು ಗೋಡೆಯ ಕಡೆ ತಳ್ಳುತ್ತದೆ, ಮಳೆಗಾಲದಲ್ಲಿ ಒದ್ದೆ ಚಪ್ಪಲಿಗೆ ಜಾರುತ್ತದೆ. ಹಳೆ ನೆಲದಲ್ಲಿ ಸಮಾಧಿ ಕಲ್ಲುಗಳಿದ್ದರೆ ಅವುಗಳ ಮೇಲೆ ಏನನ್ನೂ ಹಾಸಬೇಡಿ. ಬರಹದ ಫೋಟೋ ತೆಗೆದು, ಜಾಗದ ನಕ್ಷೆಯನ್ನೂ ಇಟ್ಟುಕೊಳ್ಳಿ.

ಪಕ್ಕಾಸು_ರೀಪು:

ಮಾಡಿನ ಬಗ್ಗೆ ನಾಲ್ಕು ಮಾತು. ಶೀಟ್ ಹಾಕಿದರೆ ಜುಲೈ ತಿಂಗಳ ಬಲಿಪೂಜೆಯಲ್ಲಿ ಮಳೆಯ ಸದ್ದೇ ಕೇಳುವುದು, ಮೈಕ್‌ಗೆ ಎಷ್ಟು ಖರ್ಚು ಮಾಡಿದರೂ ಅಷ್ಟೇ. ಹಂಚಿನ ಭಾರವೇ ಮಾಡನ್ನು ಗಾಳಿಗೆ ಏಳದಂತೆ ಹಿಡಿದಿಡುತ್ತದೆ. ಹಗುರದ ಶೀಟ್‌ಗೆ ಗೋಡೆಯೊಳಗೆ ಆಳವಾಗಿ ಬೋಲ್ಟ್ ಇಳಿಸಬೇಕು, ಹಳೆ ಮುರಕಲ್ಲು ಅದಕ್ಕೆ ಹೇಳಿದ್ದಲ್ಲ.

ಮರ ಹಾಳಾಗುವುದು ಹೆಚ್ಚಾಗಿ ತುದಿಯಲ್ಲಿ, ಗೋಡೆಯೊಳಗೆ ಹೂತ 30–40 ಸೆಂ.ಮೀ. ಭಾಗದಲ್ಲಿ. ಪ್ರತಿ ಟ್ರಸ್ಸಿನ ಎರಡೂ ತುದಿಗೆ ಸುತ್ತಿಗೆಯಿಂದ ತಟ್ಟಿ, ಸದ್ದು ಪೊಳ್ಳಾದರೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಕೊಳೆತದ್ದನ್ನು ಗಟ್ಟಿ ಮರ ಸಿಗುವಲ್ಲಿಗೆ ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಹಳೆ ಮರದ ತುಂಡು ಜೋಡಿಸಿ ಸ್ಟೀಲ್ ಬೋಲ್ಟ್ ಬಿಗಿಯಬೇಕು. ಗೋಡೆಯಲ್ಲಿ ಕೂರುವಾಗ ಸುತ್ತ 2–3 ಸೆಂ.ಮೀ. ಗಾಳಿಗೆ ಬಿಡಿ. ಆ ಸಂದಿಗೆ ಸಿಮೆಂಟ್ ತುಂಬಿದರೆ ತುದಿ ಮತ್ತೆ ಕೊಳೆಯುತ್ತದೆ. ಫ್ಯಾನ್ ಅಥವಾ ಸೀಲಿಂಗ್‌ಗೆ ಅಡ್ಡಿ ಎಂದು ಟ್ರಸ್ಸಿನ ಕೆಳಗಿನ ಅಡ್ಡಮರಕ್ಕೆ ಗರಗಸ ತಾಗಿಸಲು ಯಾರಿಗೂ ಬಿಡಬೇಡಿ. ಅದನ್ನು ಕಡಿದರೆ ಪಕ್ಕಾಸುಗಳು ಗೋಡೆಯನ್ನು ಹೊರಗೆ ನೂಕುತ್ತವೆ.

ನಿಮ್ಮ ಅಳತೆಗೆ ಸೂರು ಸೇರಿ ಸುಮಾರು 450 ಚದರ ಮೀಟರ್ ಮಾಡು. ಮೀಟರಿಗೆ 15 ಹಂಚಿನಂತೆ 6750, ಒಡೆಯುವುದಕ್ಕೆ ಸೇರಿಸಿದರೆ ಏಳೂವರೆ ಸಾವಿರ. ಹಳೆಯದರಲ್ಲಿ ತುಂಬ ಹಂಚು ವಾಪಸ್ ಉಪಯೋಗಕ್ಕೆ ಬರುತ್ತದೆ. ಒಂದೊಂದು ಕಾರ್ಖಾನೆಯ ಹಂಚಿನ ಗಾಡಿ (ಒಂದಕ್ಕೊಂದು ಕೂರುವ ತೋಡು) ಒಂದೊಂದು ತರ, ಹೊಸತು ಹಳತರ ಜೊತೆ ಕೂರುವುದಿಲ್ಲ. ಹಳೆಯದನ್ನೆಲ್ಲ ಒಂದು ಪಕ್ಕಕ್ಕೆ, ಹೊಸದನ್ನು ಇನ್ನೊಂದು ಪಕ್ಕಕ್ಕೆ ಹಾಕಿ. ರೀಪು (ಹಂಚು ಕೂರುವ ಅಡ್ಡಪಟ್ಟಿ) ಹೊಡೆಯುವ ಮೊದಲು ಆಯಾ ಹಂಚು ಜೋಡಿಸಿಯೇ ಅಂತರ ಗುರುತು ಮಾಡಿ, ಸಾಮಾನ್ಯವಾಗಿ 32 ಸೆಂ.ಮೀ. ಆಸುಪಾಸು ಬರುತ್ತದೆ. ಬಿಚ್ಚುವಾಗ ಒಂದು ಪಕ್ಕ ಪೂರ್ತಿ ಖಾಲಿ ಮಾಡಬೇಡಿ, ಭಾರ ಓರೆಯಾಗುತ್ತದೆ. ಎರಡೂ ಕಡೆಯಿಂದ ಸಮಸಮವಾಗಿ ಒಂದೊಂದು ಅಂಕಣ ಬಿಚ್ಚಿ ಮುಗಿಸುತ್ತಾ ಹೋಗಿ. ಕ್ರಿಸ್ಮಸ್ ಮುಗಿದ ಕೂಡಲೇ ಹತ್ತಿದರೆ ಮಾರ್ಚ್ ಒಳಗೆ ಇಳಿಯಬಹುದು.

ಪಿವಿಸಿ ಸೀಲಿಂಗ್ ಹಾಕಿದರೆ ಸೋರುವುದೂ ಗೆದ್ದಲೂ ಕಣ್ಣಿಗೆ ಬೀಳುವುದಿಲ್ಲ, ಬಾವಲಿಗಳಿಗೆ ಒಳ್ಳೆ ಮನೆ. ಶೆಕೆಗೆ ಬೇಕಿದ್ದರೆ ಹಂಚಿನಡಿಗೆ ಚಪ್ಪಟೆ ಸೀಲಿಂಗ್ ಹಂಚು ಹಾಕಿ. ಆದರೆ ಮೀಟರಿಗೆ ಎಷ್ಟು ಭಾರ ಏರುತ್ತದೆಂದು ಇಂಜಿನಿಯರ್ ಲೆಕ್ಕ ಹಾಕಿದ ಮೇಲೆಯೇ.

ಕಾನೂನು_ಓದಿದವ:

ಕಾಮಗಾರಿಗೆ ಮೊದಲು ಕಾಗದ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1216ನೇ ವಿಧಿ ಚರ್ಚ್ ಕಟ್ಟುವಾಗಲೂ ದುರಸ್ತಿಯಲ್ಲೂ ತಜ್ಞರ ಸಲಹೆ ಪಡೆಯಬೇಕು, ಪೂಜಾವಿಧಿಯ ತತ್ವ ಪಾಲಿಸಬೇಕು ಎನ್ನುತ್ತದೆ. ಧರ್ಮಕೇಂದ್ರದ ಹಣಕಾಸು ಸಮಿತಿ 537ನೇ ವಿಧಿಯ ಪ್ರಕಾರ ಕಡ್ಡಾಯ. ದಿನನಿತ್ಯದ ಆಡಳಿತ ಮೀರಿದ ಖರ್ಚಿಗೆ 1281ರಂತೆ ಬಿಷಪರ ಲಿಖಿತ ಅನುಮತಿ ಬೇಕು. ಪಾಲನಾ ಪರಿಷತ್ತು ಠರಾವು ಮಾಡಿದ್ದೇ ಸಾಕು ಎಂದು ಮುಂದುವರಿಯಬೇಡಿ.

ಹಳೆ ಬಲಿಪೀಠದ ಹಿಂದಿನ ಮರದ ಕೆತ್ತನೆಗೆ ಚಿನ್ನದ ಬಣ್ಣದ ಎನಾಮೆಲ್ ಬಳಿಯುವ ಉತ್ಸಾಹ ಎಲ್ಲ ಕಡೆ ಇದೆ. ಬೆಲೆಬಾಳುವ ಹಳೆ ಪ್ರತಿಮೆಗಳ ದುರಸ್ತಿಗೆ 1189 ಬೇರೆಯೇ ಲಿಖಿತ ಅನುಮತಿ ಕೇಳುತ್ತದೆ. ಜನರ ಕಡೆ ಮುಖ ಮಾಡುವ ಹೊಸ ಪೀಠಕ್ಕಾಗಿ ಹಳೆಯದನ್ನು ಒಡೆಯಲೇಬೇಕೆಂದೂ ಇಲ್ಲ. ಅದನ್ನು ಹಾಗೇ ಬಿಟ್ಟು, ಸುತ್ತ ನಡೆದಾಡಲು ಜಾಗ ಇರುವಂತೆ ಮುಂದೆ ಇನ್ನೊಂದನ್ನು ಇಟ್ಟರಾಯಿತು. ಪೀಠದಡಿ ಸಂತರ ಅವಶೇಷ ಇರಬಹುದು, ಧರ್ಮಗುರುಗಳು ಎದುರಿಗಿಲ್ಲದೆ ಕಲ್ಲು ಎತ್ತಬಾರದು.

ಸಭೆ, ಶಿಬಿರದ ವಿಷಯ: 1210ರ ಪ್ರಕಾರ ಪವಿತ್ರ ಸ್ಥಳದಲ್ಲಿ ಆರಾಧನೆಗೆ ಸಂಬಂಧಿಸಿದ್ದಕ್ಕೆ ಮಾತ್ರ ಅವಕಾಶ. ಬೇರೆ ಬಳಕೆಗೆ ಬಿಷಪರು ಸಂದರ್ಭ ನೋಡಿ ಒಪ್ಪಬಹುದು, ಅದೂ ಸ್ಥಳದ ಪಾವಿತ್ರ್ಯಕ್ಕೆ ವಿರುದ್ಧವಾಗದಿದ್ದರೆ. ಹಾಗಾಗಿ ಟ್ಯೂಷನ್, ರಕ್ತದಾನ ಶಿಬಿರಕ್ಕೆ ಪಕ್ಕದಲ್ಲಿ ಬೇರೆ ಕೋಣೆ ಕಟ್ಟುವುದೇ ಒಳ್ಳೆಯದು. ಅನ್ಯಮತದ ನೆರೆಯವರಿಗೂ ಅಲ್ಲಿ ಸಂಕೋಚ ಇರುವುದಿಲ್ಲ.

ಪರಿಷತ್_ಸದಸ್ಯ:

ತುಂಬ ಉಪಕಾರ. ರ‍್ಯಾಂಪನ್ನು ಸಾಕ್ರಿಸ್ಟಿ ಬಾಗಿಲಿಗೆ ಮಾಡಿದರೆ ಸುಲಭ ಅಂತ ಕಂಟ್ರಾಕ್ಟರ್ ಹೇಳುತ್ತಾರೆ. ಮೈಕ್‌ಗೆ ಎದುರಿಗೆ ಎರಡು ದೊಡ್ಡ ಬಾಕ್ಸ್ ಹಾಕುವ ಅಂದಾಜು. ಸರಿಯಾ?

ಅಳತೆಪಟ್ಟಿ:

ರ‍್ಯಾಂಪ್ ಮುಖ್ಯ ಬಾಗಿಲಿಗೇ ಇರಲಿ ಮಾರಾಯ್ರೆ. ಅಜ್ಜಿಯಂದಿರು ಗುರುಗಳ ಬಟ್ಟೆ ಕೋಣೆಯಿಂದ ನುಸುಳಿ ಬರಬೇಕಾ? ಮೂರು ಮೆಟ್ಟಿಲು ತಲಾ 15 ಸೆಂ.ಮೀ. ಅಂದರೆ 45 ಸೆಂ.ಮೀ. ಎತ್ತರ. ಒಂದಕ್ಕೆ ಹನ್ನೆರಡರ ಇಳಿಜಾರಿಗೆ 5.4 ಮೀಟರ್ ಉದ್ದ, ಮೇಲೆ ಕೆಳಗೆ ತಲಾ ಒಂದೂವರೆ ಮೀಟರ್ ಸಮತಟ್ಟು. ಅಗಲ 1.2 ಮೀಟರ್ ಕನಿಷ್ಠ. ಆದರೆ ಇಗರ್ಜಿಗೆ 1.8 ಮಾಡಿ: ಶವಪೆಟ್ಟಿಗೆ ಹೊರುವವರು ಎರಡು ಬದಿಯಲ್ಲಿ ನಡೆಯುತ್ತಾರೆ. ಕೈಹಿಡಿ 75 ಮತ್ತು 90 ಸೆಂ.ಮೀ. ಎತ್ತರದಲ್ಲಿ ಎರಡು ಸಾಲು. ಮೇಲ್ಮೈ ಗೀರು ಎಳೆದ ಸಿಮೆಂಟ್, ಪಾಲಿಶ್ ಗ್ರಾನೈಟ್ ಖಂಡಿತ ಬೇಡ. ಗೋಡೆಗೆ ತಾಗಿಸದೆ 5 ಸೆಂ.ಮೀ. ಬಿಡಿ, ಇಲ್ಲದಿದ್ದರೆ ತೇವಕ್ಕೆ ಹೊಸ ದಾರಿ.

ಗಾಲಿಕುರ್ಚಿಗೆ ಹಿಂದಿನ ಮೂಲೆ ಕೊಡಬೇಡಿ. ಮಧ್ಯದ ಎರಡು ಬೆಂಚುಗಳನ್ನು ಕುಗ್ಗಿಸಿ 90 ಸೆಂ.ಮೀ. ಅಗಲ, 1.3 ಮೀಟರ್ ಉದ್ದದ ಜಾಗ ಮಾಡಿದರೆ ಮನೆಯವರ ಜೊತೆಗೇ ಕೂರಬಹುದು. ಶೌಚಾಲಯದಲ್ಲಿ ಒಂದು ಕೋಣೆ 2 x 2.2 ಮೀಟರ್, ಬಾಗಿಲು 90 ಸೆಂ.ಮೀ., ಹೊರಗೆ ತೆರೆಯಲಿ. ಅದನ್ನು ಇಗರ್ಜಿಯ ಗೋಡೆಗೆ ಒರಗಿಸಬೇಡಿ. ಸೆಪ್ಟಿಕ್ ಗುಂಡಿ ಬಾವಿಯಿಂದ 15 ಮೀಟರ್ ದೂರ, ಬಾವಿಗಿಂತ ತಗ್ಗಿನ ಕಡೆ.

ಮೊಂತಿ ಫೆಸ್ತಿನ (ಮೇರಿ ಮಾತೆಯ ಹುಟ್ಟುಹಬ್ಬದ) ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಆಗಸ್ಟ್ 30ಕ್ಕೆ ಶುರು, ಮಳೆ ಬಿಟ್ಟಿರುವುದಿಲ್ಲ. ಮಕ್ಕಳು ಹೂ ಹಾಕುವ ಜಾಗಕ್ಕೆಂದು ಎದುರುಗೋಡೆಗೇ ಶೀಟ್ ಮಾಡು ತಾಗಿಸುತ್ತಾರೆ, ಆ ಸಂದಿನಿಂದಲೇ ನೀರು ಗೋಡೆಯೊಳಗೆ ಇಳಿಯುವುದು. ತನ್ನದೇ ಕಂಬಗಳ ಮೇಲೆ ನಿಲ್ಲುವ ಚಪ್ಪರ ಮಾಡಿ.

ಧ್ವನಿಪೆಟ್ಟಿಗೆ:

ಎರಡು ದೊಡ್ಡ ಬಾಕ್ಸ್ ಬೇಡ. ಮುಂದಿನವರ ಕಿವಿ ಒಡೆಯುತ್ತದೆ, ಹಿಂದಿನವರಿಗೆ ಗೋಡೆಯಿಂದ ಮರಳಿದ ಗದ್ದಲ ಮಾತ್ರ ಸಿಗುತ್ತದೆ. ನಿಮಗೆ ಕೊರತೆ ಇರುವುದು ಸ್ಪಷ್ಟತೆ. ಸಪೂರ ಕಾಲಂ ಸ್ಪೀಕರ್ ಮೂರು ಜೊತೆ ಸಾಕು: ಮುಂದೆ, ಮಧ್ಯೆ, ಹಿಂದೆ. ಕೂತವರ ಕಿವಿಯ ಕಡೆಗೆ ತುಸು ಬಾಗಿಸಿ. ಸದ್ದು ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಮುಂದಿನ ಸ್ಪೀಕರಿನಿಂದ 14 ಮೀಟರ್ ದೂರದಲ್ಲಿರುವ ಜೋಡಿಗೆ 41 ಮಿಲಿಸೆಕೆಂಡ್, ಮೇಲೊಂದು ಹತ್ತು ಸೇರಿಸಿ 50ರ ಆಸುಪಾಸು ವಿಳಂಬ ಇಟ್ಟರೆ ಮಾತು ಪೀಠದಿಂದಲೇ ಬಂದ ಹಾಗೆ ಕೇಳುತ್ತದೆ. ವಿಳಂಬ ಇಡದಿದ್ದರೆ ಒಂದು ಮಾತು ಎರಡು ಸಲ ಕೇಳಿಸುತ್ತದೆ.

ಗಾಯಕರು ನಿಲ್ಲುವ ಅಟ್ಟದ ಕೆಳಗಿನ ಹಿಂಗೋಡೆಗೆ, ಗೋಡೆ ಆರಿದ ಮೇಲೆ, 5 ಸೆಂ.ಮೀ. ರಾಕ್‌ವೂಲ್ (ಸದ್ದು ಹೀರುವ ಕಲ್ಲಿನ ನಾರಿನ ಹಾಸು), ಮೇಲೆ ಮರದ ಪಟ್ಟಿ. ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡಲಿ. ಮೊಟ್ಟೆ ಟ್ರೇ ತರದ ಫೋಮ್ ಬೇಡ, ಮೇಣದಬತ್ತಿ ಉರಿಯುವ ಜಾಗ. ಕೇಬಲ್ ಎಳೆಯುವಾಗಲೇ ವೈರಿಂಗ್ ಹೊಸದು ಮಾಡಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ, ಗಂಟೆಗೋಪುರದ ಸಿಡಿಲು ಕಂಬಿಯ ಅರ್ತಿಂಗ್ ಅಳೆಸಿ. 10 ಓಮ್ ಮೀರಿದ್ದರೆ ಏಪ್ರಿಲ್ ಸಿಡಿಲಿಗೆ ಮೊದಲು ಹೋಗುವುದು ನಿಮ್ಮ ಹೊಸ ಆಂಪ್ಲಿಫೈಯರ್.

ಸುಣ್ಣಗಾರೆ:

ಕ್ರಮ ಕೇಳಿದ್ದಿರಿ. ಈ ವರ್ಷ ಚರಂಡಿ, ಅಂಗಳ, ಮಾಡು, ಮತ್ತು ಸಿಮೆಂಟ್ ಬಿಡಿಸುವುದು. ಜೊತೆಗೆ ರ‍್ಯಾಂಪ್, ಶೌಚಾಲಯ, ಅವು ಗೋಡೆ ಆರುವುದಕ್ಕೆ ಕಾಯಬೇಕಿಲ್ಲ. ಮುಂದಿನ ವರ್ಷ ಮಳೆ ಬಿಟ್ಟ ಮೇಲೆ ಒಳಗಿನ ಗಾರೆ, ವೈರಿಂಗ್, ಧ್ವನಿ. ಬರಿಗಲ್ಲಿನ ಗೋಡೆ ನೋಡಿ ಜನ ಗೊಣಗುತ್ತಾರೆ, ಏಕೆ ಹಾಗೆ ಬಿಟ್ಟಿದ್ದೆಂದು ಬಾಗಿಲ ಬಳಿ ಒಂದು ಚೀಟಿ ಅಂಟಿಸಿ. ತಪಸ್ಸುಕಾಲದಲ್ಲಿ (ಈಸ್ಟರಿಗೆ ಮುಂಚಿನ ನಲವತ್ತು ದಿನ) ಸಾಮಾನ್ಯವಾಗಿ ಮದುವೆಗಳಿಲ್ಲ, ಧೂಳಿನ ಕೆಲಸ ಆಗ ಮಾಡಿ, ಪವಿತ್ರ ವಾರಕ್ಕೆ ಮೊದಲು ಸಾರುವೆ ಕಂಬ ಇಳಿಸಿ ಎಂದು ಕರಾರಿನಲ್ಲೇ ಬರೆಸಿ. ಮಾಡಿನ ಕಂಟ್ರಾಕ್ಟರ್ ಬಿಲ್ಲಿನಲ್ಲಿ ಶೇ. 10 ಹಿಡಿದಿಟ್ಟು, ಒಂದು ಮಳೆಗಾಲ ಕಳೆದು ಸೋರಿಲ್ಲ ಎಂದು ಮೇಲೆ ಹತ್ತಿ ನೋಡಿದ ನಂತರ ಸೆಪ್ಟೆಂಬರಿನಲ್ಲಿ ಕೊಡಿ.