ಎರ್ಶೊ: ಹೆಪ್ಪೋ, ಹುದುಗೋ, ಖಮೀರವೋ?

ಕಲಬುರಗಿಯಿಂದ:
ಎಲ್ಲರಿಗೂ ಶರಣಾರ್ಥಿ. ಇಥಿಯೋಪಿಯಕ್ಕೆ ಪಾಠ ಹೇಳಲು ಹೋಗುವ ನಮ್ಮ ಭಾಗದ ಮಾಸ್ತರರಿಗೆ, ಟೀಚರರಿಗೆ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಗಡಿಯಾರದ ಅಧ್ಯಾಯ ಮುಗಿಯಿತು (ಅಲ್ಲಿ ಹೊತ್ತು ಎಣಿಸುವುದು ಬೆಳಗಿನಿಂದ, ನಮ್ಮ 8 ಗಂಟೆಯ ಶಾಲೆ ಅವರ ಲೆಕ್ಕದಲ್ಲಿ 2 ಗಂಟೆಗೆ). ಅಡುಗೆಯ ಅಧ್ಯಾಯ ಮಾತ್ರ ಒಂದು ಪದಕ್ಕಾಗಿ ನಿಂತಿದೆ. ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು.

ಇಂಜೆರಾ (ಅಲ್ಲಿನವರ ದೋಸೆಯಂಥ ಹುಳಿರೊಟ್ಟಿ) ಮಾಡುವ ರೀತಿ ಹೀಗಿದೆ. 1 ಕೆಜಿ ಟೆಫ್ (ಅಲ್ಲಿನ ಸಣ್ಣ ಕಾಳಿನ ಧಾನ್ಯ) ಹಿಟ್ಟು, ಸುಮಾರು 1.6 ಲೀಟರ್ ನೀರು, 160 ಮಿ.ಲೀ. ಎರ್ಶೊ. ಎರ್ಶೊ ಅಂದರೆ ಹಿಂದಿನ ಸಲ ಹುಳಿತ ಹಿಟ್ಟಿನ ಮೇಲೆ ನಿಂತ ಹಳದಿ ಹುಳಿನೀರು. ಕಲಸಿ ಮುಚ್ಚಿ 2-3 ದಿನ ಬಿಡಬೇಕು. ಆಮೇಲೆ ಮೇಲಿನ ನೀರು ಬಸಿದು, ಹಿಟ್ಟಿನಲ್ಲಿ ಹತ್ತನೇ ಒಂದು ಪಾಲು ತೆಗೆದು, ಅದಕ್ಕೆ ಮೂರು ಪಟ್ಟು ನೀರು ಬೆರೆಸಿ ಕುದಿಸಿ, 45 ಡಿಗ್ರಿಗೆ ಆರಿಸಿ, ಮತ್ತೆ ಹಿಟ್ಟಿಗೇ ಸೇರಿಸಬೇಕು. ಈ ಕುದಿಸಿದ್ದಕ್ಕೆ ಅಬ್ಸಿತ್ ಎನ್ನುತ್ತಾರೆ. ಸುಡುವಾಗಲೇ ಸುರಿದರೆ ಹಿಟ್ಟು ಉಬ್ಬಿಸುವ ಜೀವಾಣುಗಳು ಸಾಯುತ್ತವೆ. ಹಾಕುವುದನ್ನೇ ಮರೆತರೆ ಇಂಜೆರಾದ ಮೈಮೇಲೆ ಕಣ್ಣು, ಅಂದರೆ ಸಣ್ಣ ತೂತು, ಏಳುವುದಿಲ್ಲ, ಮೈ ಹಿಟ್ಟುಹಿಟ್ಟಾಗಿ ಉಳಿಯುತ್ತದೆ. ಎರಡು ತಾಸು ಬಿಟ್ಟು, ಮಿತಾದ್ ಎಂಬ ಅಗಲ ಹಂಚಿನ ಮೇಲೆ ಅಂಚಿನಿಂದ ನಡುವಿಗೆ ಸುತ್ತುತ್ತ ಹೊಯ್ದು, ಮುಚ್ಚಿ, 2-3 ನಿಮಿಷ ಬೇಯಿಸುವುದು. ತಿರುವಿ ಹಾಕುವಂತಿಲ್ಲ.

ಕರಡಿನಲ್ಲಿ ಈಗ ಇರುವ ಸಾಲು: "ಮೂರನೇ ದಿನ ಎರ್ಶೊ ಬಸಿದು ಚೆಲ್ಲಿ, ಅಬ್ಸಿತ್ ಸೇರಿಸಿ." ಎರ್ಶೊಗೆ ಕನ್ನಡ ಬೇಕು. ಅಬ್ಸಿತ್‌ಗೂ ಹೊಳೆದರೆ ತಿಳಿಸಿ. ಕಣ್ಣಿಗೆ ಕಣ್ಣೇ ಇರಲಿ, ಅವರ ಭಾಷೆಯಲ್ಲೂ ಅದು ಕಣ್ಣೇ.

ಬೀದರದಿಂದ:
ಖಮೀರ. ನಮ್ಮಲ್ಲಿ ನಾನ್, ಕುಲ್ಚಾ ಸುಡುವ ಭಟ್ಟಿಯವರು ದಿನಾ ಆಡುವ ಮಾತು. ಇರುವ ಪದ ಬಿಟ್ಟು ಹೊಸದು ಕಟ್ಟಬ್ಯಾಡ್ರಿ.

ಯಾದಗಿರಿಯಿಂದ:
ಖಮೀರ ಕನ್ನಡವಲ್ಲ. ಅದರ ಮೊದಲ ಅಕ್ಷರವೇ ನಮ್ಮ ಬಾಯಿಗೆ ಒಗ್ಗದು. ಹಳ್ಳಿಯಲ್ಲಿ ಆಡಿದರೆ ಕಮೀರ ಆಗುತ್ತದೆ. ನಮ್ಮದು ಹುದುಗು. ಹಳಗನ್ನಡದ ಪುದುಗು ಹುದುಗು ಆದದ್ದು, ಪುಳಿ ಹುಳಿ ಆದ ಹಾಗೆಯೇ. ಒಳಗೆ ಅಡಗು, ಒಳಸೇರು ಎಂಬುದು ಮೂಲದ ಅರ್ಥ. ಹಿಟ್ಟಿನೊಳಗೆ ಅಡಗಿ ಕೂತು ಅದನ್ನು ಎಬ್ಬಿಸುವುದಕ್ಕೆ ಇದಕ್ಕಿಂತ ಹೊಂದುವ ಪದ ಎಲ್ಲಿದೆ? ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಹುದುಗುವಿಕೆ ಬಂದು ಎಷ್ಟೋ ಕಾಲವಾಯಿತು. ಮಾಸ್ತರರಿಗೆ ಬರೆಯುವ ಪುಸ್ತಕದಲ್ಲಿ ಅದೇ ಇರಬೇಕು.

ಬೀದರದಿಂದ:
ಖಮೀರ ಅರಬ್ಬಿ ಪದ, ಖ-ಮ-ರ ಎಂಬ ಧಾತುವಿನದು. ಅದರ ಅರ್ಥ ಮುಚ್ಚು. ಗುರುಗಳೆ, ನೀವು ಹುದುಗುವಿನಲ್ಲಿ ಕಂಡ ಅರ್ಥ ಅಲ್ಲಿಯೂ ಅದ. ಅರಬ್ಬಿ ಎಂದು ತಳ್ಳುವುದಾದರೆ ರೈತ, ಅರ್ಜಿ, ಮಸಾಲೆ, ಎಲ್ಲ ತಳ್ಳಬೇಕಾಗುತ್ತದೆ. 1347ರಿಂದ ಕಲಬುರಗಿ ಬಹಮನಿಯರ ರಾಜಧಾನಿ, ಆಮೇಲೆ ನಮ್ಮ ಬೀದರ. ಆ ಕಾಲದ ಮಾತು ಅಡುಗೆಮನೆಗೆ ಬರದೆ ಇರುತ್ತದೆಯೇ? ಇಥಿಯೋಪಿಯದವರು ನಮಗೇನೂ ಹೊಸಬರಲ್ಲ, ಬೀದರದಲ್ಲಿ ಹಬ್ಸಿ ಕೋಟ ಎಂಬ ಗುಡ್ಡವೇ ಇದೆ (ಹಬ್ಸಿ ಅಂದರೆ ಅವರೇ). ನೀವು ಉಣ್ಣುವ ಜೋಳವೂ ಆಫ್ರಿಕದ ಆ ಸೀಮೆಯಿಂದಲೇ ಬಂದದ್ದು.

ಯಾದಗಿರಿಯಿಂದ:
ಜೋಳ ಬಂದಿರಬಹುದು, ಅದಕ್ಕೆ ಹೆಸರು ನಾವು ಇಟ್ಟೆವು. ಅಲ್ಲಿ ಅದು ಮಶಿಲ್ಲ. ನಾನು ಹೇಳುವುದೂ ಅದನ್ನೇ.

ಸೇಡಂದಿಂದ:
ಇಬ್ಬರೂ ವಸ್ತುವನ್ನು ನೋಡದೆ ಪದ ನೋಡುತ್ತಿದ್ದೀರಿ. ಖಮೀರ ಅಂದರೆ ಭಟ್ಟಿಯಲ್ಲಿ ಮೈದಾದ ಮುದ್ದೆ, ಎರ್ಶೊ ನೀರು. 160 ಮಿ.ಲೀ. ಅಂತ ಅಳೆದು ಹಾಕುವ ಕಡೆ ಓದುವವರು ಮುದ್ದೆ ಹಾಕಿದರೆ ಅಳತೆಯೇ ಕೆಡುತ್ತದೆ. ಹುದುಗು ಅಂದರೆ ಒಳಗೆ ನಡೆಯುವ ಕೆಲಸ, ಲೋಟದಲ್ಲಿ ಎತ್ತಿಡುವ ವಸ್ತುವಲ್ಲ.

ಹೆಪ್ಪು ಅನ್ನಿ. ನಿನ್ನೆಯದರಲ್ಲಿ ಸ್ವಲ್ಪ ಉಳಿಸಿ ಇವತ್ತಿನದಕ್ಕೆ ಹಾಕುವುದಕ್ಕೆ ನಮ್ಮ ಹೆಂಗಸರು ಆಡುವ ಮಾತು ಅದು. ಮೊಸರು ಮುಗಿದರೆ ಪಕ್ಕದ ಮನೆಗೆ ಹೋಗಿ "ಚೂರು ಹೆಪ್ಪು ಕೊಡ್ರೀ ಅಕ್ಕಾ" ಅಂತಾರ. ಎರ್ಶೊವನ್ನೂ ಅಲ್ಲಿ ನೆರೆಮನೆಯಿಂದ ತರುವುದುಂಟು.

ಅದೇ ಅಧ್ಯಾಯದಲ್ಲಿ ಎರಡು ಸಾಲು ಸೇರಿಸಿ. ಜೋಳದ ಹಿಟ್ಟೊಂದರಲ್ಲೇ ಮಾಡಿದ ಇಂಜೆರಾ ಮರುದಿನಕ್ಕೆ ಒಣಗಿ ಮುರಿಯುತ್ತದೆ, ಟೆಫ್ ಬೆರೆಸಿದರೆ ಮಡಚಲು ಬರುತ್ತದೆ. ಇನ್ನು ಅಡಿಸ್ ಅಬಾಬ 2,300 ಮೀಟರಿಗೂ ಎತ್ತರದ ಊರು, ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ರೊಟ್ಟಿಯ ಎಸರಿಗೆ ಅಷ್ಟು ಕಾವು ಸಾಕು. ಕುದಿಯುವಾಗಲೇ ಹಿಟ್ಟಿಗೆ ಹೊಯ್ದರೆ ಜಿಗಿ ಬರುತ್ತದೆ, ಇಳಿಸಿಟ್ಟು ಹೊಯ್ದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ತೊಗರಿಬೇಳೆ ಮಾತ್ರ ತೆರೆದ ಪಾತ್ರೆಯಲ್ಲಿ ಬೇಗ ಬೇಯುವುದಿಲ್ಲ. ಇಲ್ಲಿಂದ ಹೋಗುವವರು ಕುಕ್ಕರ್ ಒಯ್ಯಲಿ, ಗ್ಯಾಸ್ಕೆಟ್ ಎರಡು ಹೆಚ್ಚಿಗೆ ಇಟ್ಟುಕೊಳ್ಳಲಿ.

ಯಾದಗಿರಿಯಿಂದ:
ಹೆಪ್ಪು ತಪ್ಪು. ಹೆಪ್ಪುಗಟ್ಟು ಅಂದರೆ ಗಟ್ಟಿಯಾಗು. ಹಾಲು ಹೆಪ್ಪುಗಟ್ಟುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಈ ಹಿಟ್ಟು ಉಬ್ಬಿ ಸಡಿಲಾಗುತ್ತದೆ. ಅರ್ಥ ತಿರುವುಮುರುವು ಆಯಿತು.

ಸೇಡಂದಿಂದ:
ಹೆಪ್ಪುಗಟ್ಟುವುದು ಹಾಲಿನ ಗುಣ. ಹೆಪ್ಪು ಅನ್ನುವುದು ಉಳಿಸಿಟ್ಟದ್ದಕ್ಕೆ.

ನೀರು ಎಂಬುದೂ ಕಾಣಬೇಕಾದರೆ ತಿಳಿ ಅನ್ನುವ ಪದ ಇದೆ. ಹಿಟ್ಟು ತಳಕ್ಕೆ ಕೂತು ಮೇಲೆ ನಿಲ್ಲುವುದು ತಿಳಿ. ಇಲ್ಲಿಯೇ ನಿಮ್ಮ ಕರಡಿನ ತಪ್ಪು ಸಿಗುತ್ತದೆ, ಸರ್. "ಎರ್ಶೊ ಬಸಿದು ಚೆಲ್ಲಿ" ಅಂತ ಬರೆದಿದ್ದೀರಿ. ಹಾಗೆ ಪೂರಾ ಚೆಲ್ಲಿದ ಮಾಸ್ತರ ಮುಂದಿನ ವಾರ ಏನು ಹಾಕಬೇಕು? ಚೆಲ್ಲುವಾಗ ಅದು ಬರೀ ತಿಳಿ. ಅದರಲ್ಲಿ ಒಂದು ಲೋಟ ಎತ್ತಿಟ್ಟರೆ ಹೆಪ್ಪು. ವಸ್ತು ಒಂದೇ ಆದರೂ ಕನ್ನಡದಲ್ಲಿ ಎರಡು ಪದ ಬೇಕು.

ಬೀದರದಿಂದ:
ಇದು ಸರಿ ಅದ. ಆದರೆ ಎರ್ಶೊ ಎಂಬ ಹೆಸರು ಕೈಬಿಡಬ್ಯಾಡ್ರಿ. ಅಡಿಸ್‌ನಲ್ಲಿ ಬಾಗಿಲು ಬಡಿದು ಹೆಪ್ಪಿನ ತಿಳಿ ಕೇಳಿದರೆ ಯಾರು ಕೊಟ್ಟಾರು?

ಕಲಬುರಗಿಯಿಂದ:
ಉಪಕಾರವಾಯಿತು, ಎಲ್ಲರಿಗೂ ಶರಣು. ಸಾಲು ಹೀಗೆ ತಿದ್ದಿದ್ದೇನೆ: "ಮೂರನೇ ದಿನ ಮೇಲಿನ ತಿಳಿ ಬಸಿಯಿರಿ. ಬಸಿದುದರಲ್ಲಿ 160 ಮಿ.ಲೀ. ಮುಂದಿನ ಸಲಕ್ಕೆ ಹೆಪ್ಪೆಂದು ಎತ್ತಿಟ್ಟು, ಉಳಿದದ್ದು ಚೆಲ್ಲಿ. ಈ ಹೆಪ್ಪಿಗೆ ಅಲ್ಲಿ ಎರ್ಶೊ ಎನ್ನುತ್ತಾರೆ. ನೆರೆಮನೆಯಲ್ಲಿ ಕೇಳುವಾಗ ಈ ಹೆಸರೇ ಹೇಳಿ." ಅಬ್ಸಿತ್‌ಗೆ ಅಂಬಲಿ ಎಂದು ಹಾಕಲೇ?

ಯಾದಗಿರಿಯಿಂದ:
ಹುದುಗುವಿನ ವಿಷಯದಲ್ಲಿ ನನ್ನ ಮಾತು ಹಾಗೆಯೇ ಇದೆ. ಅಂಬಲಿ ಬೇಡ, ಅದು ಕುಡಿಯುವಂಥದ್ದು. ಓದಿದವರು ಲೋಟಕ್ಕೆ ಬಗ್ಗಿಸಿಯಾರು. ಗಂಜಿ ಅನ್ನಿ. ಸೀರೆಗೆ ಹಾಕುವುದೂ ಗಂಜಿಯೇ, ಹಿಡಿತ ಬರಲೆಂದು. ಇದೂ ಹಿಟ್ಟಿಗೆ ಹಿಡಿತ ಬರಲೆಂದೇ ಕುದಿಸಿ ಹಾಕುವುದು.