ಅಪ್‌ಡೇಟ್: ಟಾಯ್ಲೆಟ್ ಪೈಪ್ ಕಟ್ಟಿದ್ದು ವೈಪ್ಸ್‌ನಿಂದಲೇ

ರಾಯಚೂರಿನ ನಮ್ಮ ಮನೆ ಟಾಯ್ಲೆಟ್ ನೀರು ಇಳೀತಿಲ್ಲ, 'ಫ್ಲಶ್ ಮಾಡಬಹುದು' ಅಂತ ಬರೆದಿರೋ ವೈಪ್ಸ್ ಕಾರಣ ಇರಬಹುದಾ ಅಂತ ಕೇಳಿದ್ದೆ. ಹೌದು, ಅದೇ. ಪ್ಲಂಬರ್ ಅಣ್ಣ ಚೇಂಬರ್ ಮುಚ್ಚಳ ತೆಗೆದು ಎಳೆದಾಗ ಕೂದಲು, ಜಿಡ್ಡು ಸುತ್ತಿಕೊಂಡ ಹಗ್ಗದಂಥದ್ದು ಬಂತು. ಬಿಡಿಸಿದ್ರೆ ಒಂದೊಂದು ವೈಪ್ ಇಡಿಯಾಗಿತ್ತು, ಮೇಲಿನ ಹೂವಿನ ಅಚ್ಚೂ ಅಳಿಸಿರಲಿಲ್ಲ!

ಟಾಯ್ಲೆಟ್ ಪೇಪರಿನ ನಾರು ಗಿಡ್ಡ, ನೀರಲ್ಲಿ ಬೇಗ ಬಿಟ್ಟುಕೊಳ್ಳುತ್ತೆ. ವೈಪ್ಸ್‌ನಲ್ಲಿ ಉದ್ದ ನಾರು ಹೆಣೆದಿರ್ತಾರೆ, ಎಷ್ಟೋದ್ರಲ್ಲಿ ಪಾಲಿಯೆಸ್ಟರ್ ಕೂಡ ಇರುತ್ತೆ. ಕಮೋಡ್ ದಾಟಿ ಹೋದ್ರೂ ಬೆಂಡ್‌ನಲ್ಲಿ ಸಿಕ್ಕಿಕೊಂಡು ಅಡುಗೆಮನೆ ಜಿಡ್ಡು ಹಿಡಿದಿಡುತ್ತೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚರಂಡಿಯಲ್ಲಿ ಸಿಕ್ಕ ಇಂಥ ಗಡ್ಡೆ ಸುಮಾರು 250 ಮೀಟರ್ ಉದ್ದ ಇತ್ತು.

ಟಾಯ್ಲೆಟ್ ಆ್ಯಸಿಡ್ ಸುರಿದ್ರೆ ಈ ನಾರು ಕರಗಲ್ಲ. ಮಕ್ಕಳಿರೋ ಮನೆಯವರು ದಯವಿಟ್ಟು ಪ್ಯಾಕೆಟ್ ಮಾತು ನಂಬದೆ ಕಸದ ಡಬ್ಬಿಗೇ ಹಾಕಿ.