ತೋಟದಿಂದ ಕೊಚ್ಚಿ ಹೋದ ಮಣ್ಣು ಸಮುದ್ರದ ತಳದಲ್ಲಿ ಎಷ್ಟು ಕೂರುತ್ತೆ ಅಂತ ಹೆಂಗ್ ಅಳೀತಾರೆ?

ಹೆತ್ತೂರು_ತೋಟ:

ಎಲ್ರಿಗೂ ನಮಸ್ಕಾರ. ನಮ್ದು ಸಕಲೇಶಪುರ ತಾಲೂಕು ಹೆತ್ತೂರು ಕಡೆ, ಕಾಫಿ ಮೆಣಸು. ಮಳೆಗಾಲದಲ್ಲಿ ಹಳ್ಳದ ನೀರು ಕೆಂಪಗೆ ಹರಿಯೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ, ಮೇಲ್ಮಣ್ಣೆಲ್ಲ ಅದ್ರಲ್ಲೇ ಹೋಗುತ್ತೆ. ಬಿಸ್ಲೆ ರಸ್ತೇಲಿ ರಿಡ್ಜ್ ಕಲ್ಲು ನೋಡಿರ್ತೀರ, ಈ ಕಡೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಆ ಕಡೆದು ಬಂಗಾಳ ಕೊಲ್ಲಿಗೆ. ನಮ್ಮ ಜಮೀನೂ ಹೆಚ್ಚುಕಮ್ಮಿ ಅಂಥದ್ದೇ ಏಣಿನ ಮೇಲಿದೆ, ಒಂದು ಇಳಿಜಾರು ಹೇಮಾವತಿಗೆ, ಇನ್ನೊಂದು ಘಟ್ಟದ ಕೆಳಗೆ ನೇತ್ರಾವತಿಗೆ.

ತಂಗಿ ಮಗಳು ಮಂಗಳೂರಲ್ಲಿ ಮೆರೈನ್ ಜಿಯಾಲಜಿ ಓದ್ತಿದಾಳೆ. ಸಮುದ್ರದ ತಳದ್ದು ಅಂತ ಬಣ್ಣಬಣ್ಣದ ಮ್ಯಾಪ್ ತೋರಿಸ್ತಾಳೆ, ಇಲ್ಲಿ ಜೇಡಿ, ಇಲ್ಲಿ ಮರಳು, ಇಲ್ಲಿ ವರ್ಷಕ್ಕೆ ಇಷ್ಟು ಮಿಲಿಮೀಟರ್ ಹೂಳು ಅಂತಾಳೆ. ಹೆಂಗೆ ಗೊತ್ತಾಗುತ್ತೆ ಅಂದ್ರೆ ಪರೀಕ್ಷೆ ಮುಗೀಲಿ ಮಾವ ಅಂತಾಳೆ. ಅಲ್ಲ, ಅಷ್ಟು ನೀರಿನ ಕೆಳಗೆ ಯಾರೂ ಸ್ಕೇಲ್ ನೆಟ್ಟಿಲ್ಲ, ಯಾವ ವರ್ಷ ಎಲ್ಲಿವರೆಗೆ ಇತ್ತು ಅಂತ ಗೆರೆ ಹಾಕಿಲ್ಲ, ಮತ್ತೆ ಮಿಲಿಮೀಟರ್ ಲೆಕ್ಕ ಎಲ್ಲಿಂದ ಬಂತು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಕಡಲಲ್ಲಿ_ಮೂಡಿಗೆರೆ:

ಒಳ್ಳೆ ಪ್ರಶ್ನೆ ಮಾರಾಯ್ರೆ. ನಾನು ಮೂಡಿಗೆರೆ ಕಡೆಯವ್ನೇ, ಈಗ ಸರ್ವೆ ಹಡಗಲ್ಲಿ ಕೆಲಸ. ಮೊದ್ಲು ಒಂದು ಗಂಟು ಬಿಚ್ತೇನೆ, ತಳದಲ್ಲಿ ಏನಿದೆ ಅನ್ನೋ ಮ್ಯಾಪು ಬೇರೆ, ಅದು ಎಷ್ಟು ಬೇಗ ಕೂರ್ತದೆ ಅನ್ನೋ ಲೆಕ್ಕ ಬೇರೆ. ಮ್ಯಾಪಲ್ಲಿ ಕೆಸರಿನ ಬಣ್ಣ ಕಂಡ್ರೆ ಇಲ್ಲಿ ಬೇಗ ತುಂಬ್ತಾ ಇದೆ ಅಂತ ಜನ ತೀರ್ಮಾನ ಮಾಡಿಬಿಡ್ತಾರೆ, ಹಂಗೇನೂ ಇಲ್ಲ.

ಮ್ಯಾಪ್ ಮಾಡೋದು ಸದ್ದಿಂದ. ಬೆಳಕು ನೀರೊಳಗೆ ಜಾಸ್ತಿ ದೂರ ಇಳಿಯಲ್ಲ, ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡ್ತದೆ. ಹಡಗಿನ ತಳಕ್ಕೆ ಕೂರಿಸಿದ ಮಲ್ಟಿಬೀಮ್ ಅನ್ನೋ ಯಂತ್ರ ಎಡಬಲಕ್ಕೆ ಅಗಲವಾಗಿ ಸದ್ದು ಬಿಡ್ತದೆ, ವಾಪಸ್ ಬರೋ ಟೈಮಿಂದ ಆಳ ಸಿಗ್ತದೆ, ವಾಪಸ್ ಬಂದ ಸದ್ದು ಎಷ್ಟು ಜೋರಿದೆ ಅನ್ನೋದ್ರಿಂದ ತಳ ಎಂಥದ್ದು ಅಂತ ಅಂದಾಜು ಸಿಗ್ತದೆ. ಬಂಡೆ, ಜಲ್ಲಿ, ದಪ್ಪ ಮರಳು ಜೋರಾಗಿ ವಾಪಸ್ ಕಳಿಸ್ತವೆ, ಮೆತ್ತನೆ ಕೆಸರು ನುಂಗಿಬಿಡ್ತದೆ. ಆದ್ರೆ ಅಂದಾಜು ಅಂದಾಜೇ, ಚಿಪ್ಪು ತುಂಬಿದ ಕೆಸರೂ ಕೆಲವು ಸಲ ಜೋರಾಗಿ ಸದ್ದು ಕೊಟ್ಟು ಯಾಮಾರಿಸ್ತದೆ. ಅದಕ್ಕೇ ಅಲ್ಲಲ್ಲಿ ಗ್ರಾಬ್ ಇಳಿಸ್ಬೇಕು, ಎರಡು ದವಡೆಯ ಕಬ್ಬಿಣದ ಬಕೆಟ್ಟು, ತಳ ಮುಟ್ಟಿದ ಮೇಲೆ ಎಳೆದ್ರೆ ಬಾಯಿ ಮುಚ್ಕೊಂಡು ಮಣ್ಣು ತರ್ತದೆ. ಅದನ್ನ ಲ್ಯಾಬಲ್ಲಿ 63 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಅಂದ್ರೆ ಒಂದು ಮೈಕ್ರಾನ್) ಜರಡಿ ಹಿಡೀತಾರೆ, ಮೇಲೆ ಉಳಿದದ್ದು 2 ಮಿಲಿಮೀಟರ್ ತನಕ ಮರಳು, ಕೆಳಗೆ ಬಿದ್ದದ್ರಲ್ಲಿ 4 ಮೈಕ್ರಾನ್ ತನಕದ್ದು ಸಿಲ್ಟು, ಇನ್ನೂ ನುಣ್ಣಗಿದ್ರೆ ಜೇಡಿ. ಯಾವುದು ಎಷ್ಟು ಪಾಲು ಅನ್ನೋದ್ರ ಮೇಲೆ ನಿಮ್ಮ ಸೊಸೆ ತೋರಿಸಿದ ಬಣ್ಣ.

ನಮ್ಮ ಕರಾವಳಿ ಮ್ಯಾಪಲ್ಲಿ ಒಂದು ಮಜಾ ಇದೆ ನೋಡಿ. ದಡದಿಂದ ಸುಮಾರು 50 ಮೀಟರ್ ಆಳದ ತನಕ ಹೆಚ್ಚಿಗೆ ಕೆಸರು, ಅದನ್ನ ದಾಟಿ ಇನ್ನೂ ಹೊರಗೆ ಹೋದ್ರೆ ಮರಳು! ಮರಳು ಭಾರ, ಅದು ದಡದ ಹತ್ರ ಇರ್ಬೇಕು, ಹೊರಗೆ ಹೆಂಗೆ ಹೋಯ್ತು ಅಂತ ಕೇಳ್ಬೋದು. ಅದು ಈಗ ಹೋಗಿ ಬಿದ್ದ ಮರಳಲ್ಲ. ಸುಮಾರು 20,000 ವರ್ಷದ ಹಿಂದೆ ಹಿಮಯುಗದಲ್ಲಿ ಸಮುದ್ರದ ಮಟ್ಟ ಈಗಿಗಿಂತ 120 ಮೀಟರ್ ಕೆಳಗಿತ್ತು, ಆಗ ಅಲ್ಲೇ ದಡ ಇತ್ತು, ಆಮೇಲೆ ನೀರು ಏರುವಾಗ ಉಳಿದ ಹಳೇ ಮರಳು, ಚಿಪ್ಪು ಅದು. ಇವತ್ತಿನ ಹೂಳು ಅಲ್ಲಿ ತನಕ ಹೋಗಿ ಮುಚ್ಚೋದು ಬಹಳ ಕಮ್ಮಿ. ಅಂದ್ರೆ ಮ್ಯಾಪಲ್ಲಿ ಕಾಣೋ ಎರಡು ಬಣ್ಣದ ನಡುವೆ ಸಾವಿರಾರು ವರ್ಷ ವ್ಯತ್ಯಾಸ ಇರ್ಬಹುದು, ಬಣ್ಣ ಅದನ್ನ ಹೇಳಲ್ಲ.

ವೇಗಕ್ಕೆ ಕೋರ್ ಬೇಕು. ಕಾಫಿ ಮೂಟೆಗೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೀತಾರಲ್ಲ ಹಂಗೆ, ಮೇಲೆ ಭಾರ ಕಟ್ಟಿದ ಉದ್ದ ಕೊಳವೇನ ತಳಕ್ಕೆ ಬಿಟ್ಟು ಪದರ ಕದಡದ ಹಂಗೆ ಮಣ್ಣು ಎತ್ತೋದು. ಮುಂದಿಂದು ಲ್ಯಾಬಿನವ್ರು ಹೇಳ್ಬೇಕು, ನಾವು ಎತ್ತಿ ಕೊಡೋರು ಅಷ್ಟೆ. ಅಂದ ಹಾಗೆ ಭೂವೈಜ್ಞಾನಿಕ ಸರ್ವೇಕ್ಷಣೆಯವ್ರ ಸಾಗರ ವಿಭಾಗದ ಮುಖ್ಯ ಕಚೇರಿ ಮಂಗಳೂರಲ್ಲೇ ಇದೆ, ಸಮುದ್ರ ರತ್ನಾಕರ ಅಂತ ಅವ್ರದ್ದೇ ಹಡಗು.

ರಾತ್ರಿ_ಬಸ್ಸು:

ಅರಬ್ಬಿ ಸಮುದ್ರ ಪೂರ್ತಿ ತುಂಬೋದು ಯಾವಾಗ ಗುರು? ಈಗ್ಲೇ ಸೈಟ್ ಬುಕ್ ಮಾಡ್ಬಿಡೋಣ ಅಂತ 😄

ಹಳೇ_ಇಂಜಿನಿಯರ್_ಹಾಸನ:

ತೋಟದವ್ರೇ, ನಿಮ್ಮ ಪೂರ್ವದ ಇಳಿಜಾರಿನ ಮಣ್ಣು ಬಂಗಾಳ ಕೊಲ್ಲಿ ಮುಖ ನೋಡೋದು ಡೌಟು ಕಣ್ರೀ. ಹೇಮಾವತಿ ಸೇರಿದ್ರೆ ಮೊದ್ಲು ಗೊರೂರಲ್ಲಿ ನಿಲ್ಲಬೇಕು, 1979ರಲ್ಲಿ ಮುಗಿದ ಡ್ಯಾಮು, 37 ಟಿಎಂಸಿ. ಅಲ್ಲಿಂದ ತಪ್ಪಿಸ್ಕೊಂಡ್ರೆ ಕೆಆರ್‌ಎಸ್, ಅದನ್ನೂ ದಾಟಿದ್ರೆ 1934ರ ಮೆಟ್ಟೂರು. ನಿಂತ ನೀರಲ್ಲಿ ಮರಳು ತಕ್ಷಣ ಕೂರುತ್ತೆ, ತೀರಾ ನುಣ್ಣನೆ ಜೇಡಿ ಮಾತ್ರ ಗೇಟ್ ದಾಟುತ್ತೆ. ನಿಮ್ಮ ಪಶ್ಚಿಮದ ಇಳಿಜಾರು ಮಾತ್ರ ನೇರವಾಗಿ ಕಡಲಿಗೆ, ನೇತ್ರಾವತಿಗೆ ಅಷ್ಟು ದೊಡ್ಡ ಜಲಾಶಯ ಅಡ್ಡ ಇಲ್ಲ, ತುಂಬೆಯ ಕಿಂಡಿ ಅಣೆಕಟ್ಟಿಗೆ ಮಳೆಗಾಲದ ನೆರೆ ಒಂದು ಲೆಕ್ಕವೇ ಅಲ್ಲ.

ಡ್ಯಾಮಲ್ಲಿ ಹೂಳು ಅಳೆಯೋದು ಸಮುದ್ರಕ್ಕಿಂತ ಸುಲಭ, ಯಾಕಂದ್ರೆ ಕಟ್ಟೋ ಮುಂಚೆ ನೆಲ ಹೆಂಗಿತ್ತು ಅಂತ ಸರ್ವೆ ನಕ್ಷೆ ಇರುತ್ತೆ. ಬೋಟಲ್ಲಿ ಎಕೋ ಸೌಂಡರ್, ಜಿಪಿಎಸ್ ಇಟ್ಕೊಂಡು ಸಾಲುಸಾಲಾಗಿ ಓಡಾಡಿ ಈಗಿನ ತಳ ತೆಗೆದು, ಹಳೇದ್ರಲ್ಲಿ ಕಳೆಯೋದು. ತುಂಗಭದ್ರಾ ಡ್ಯಾಮ್ ನೋಡಿ, ಚಿಕ್ಕಮಗಳೂರಿನ ತುಂಗೆ ಭದ್ರೆ ಎರಡೂ ಹೋಗಿ ಸೇರೋ ಜಾಗ. 1953ರಲ್ಲಿ 133 ಟಿಎಂಸಿ ಅಂತಿದ್ದದ್ದು 2016ರ ಸರ್ವೇಲಿ 105 ಚಿಲ್ಲರೆಗೆ ಬಂತು. ಹೋದ 27-28 ಟಿಎಂಸಿಯನ್ನ ಜಲಾಶಯದ 378 ಚದರ ಕಿಲೋಮೀಟರಿಗೆ ಹರಡಿದ್ರೆ ಸರಾಸರಿ ಎರಡು ಮೀಟರ್ ದಪ್ಪ, ವರ್ಷಕ್ಕೆ ಮೂರು ಸೆಂಟಿಮೀಟರ್ ಮೇಲೆ. ಸರಾಸರಿ ಅಂದ್ರೆ ಸರಾಸರಿ, ಎಲ್ಲಾ ಕಡೆ ಸಮವಾಗಿ ಕೂತಿಲ್ಲ.

ಸಮುದ್ರದವ್ರಿಗೆ ಈ ಹಳೇ ನಕ್ಷೆ ಸಿಗಲ್ಲ. ಸಿಕ್ಕಿದ್ರೂ ನೂರು ವರ್ಷದ ಹಿಂದೆ ಸೀಸದ ಗುಂಡು ಕಟ್ಟಿದ ಹಗ್ಗ ಬಿಟ್ಟು ಅಳೆದ ಆಳ, ಅದ್ರಲ್ಲಿ ಬರೋ ವ್ಯತ್ಯಾಸ ನೀವು ಹುಡುಕ್ತಿರೋ ಮಿಲಿಮೀಟರಿಗಿಂತ ಎಷ್ಟೋ ಜಾಸ್ತಿ.

ಕಡಲಲ್ಲಿ_ಮೂಡಿಗೆರೆ:

@ರಾತ್ರಿ_ಬಸ್ಸು ಅಡ್ವಾನ್ಸ್ ಕೊಡ್ಬೇಡಿ. ದೂರದ ಆಳ ಸಮುದ್ರದಲ್ಲಿ ಕೆಂಪು ಜೇಡಿ ಸಾವಿರ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಕೂತ್ರೆ ದೊಡ್ಡದು. ಹಿಂದೂ ಮಹಾಸಾಗರದ ನಡುವೆ 5000 ಮೀಟರ್ ಆಳದಲ್ಲಿ ಮ್ಯಾಂಗನೀಸ್ ಗಂಟುಗಳಿವೆ, ಅವು ಬೆಳೆಯೋದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಸುತ್ತ ಜೇಡಿ ಅದಕ್ಕಿಂತ ಬೇಗ ಕೂರ್ತದೆ, ಆದ್ರೂ ಗಂಟು ಹೂತು ಹೋಗದೆ ಮೇಲೇ ಇರ್ತದೆ. ತಳದ ಜೀವಿಗಳು ತಳ್ಳಿ ಉರುಳಿಸ್ತಾ ಇರ್ತವೆ ಅಂತ ಒಂದು ವಾದ ಉಂಟು.

ಲ್ಯಾಬ್_ಹುಡುಗಿ_ಅರಸೀಕೆರೆ:

ಕೋರ್ ಬಂದ ಮೇಲಿನ ಕತೆ ನಾನು ಹೇಳ್ತೀನಿ, ನನ್ನ ಪ್ರಾಜೆಕ್ಟೇ ಅದು. ಕೋರನ್ನ ಒಂದೊಂದು ಸೆಂಟಿಮೀಟರ್ ಬಿಲ್ಲೆ ಮಾಡಿ ಒಣಗಿಸಿ ಪುಡಿ ಮಾಡ್ತೀವಿ, ಆಮೇಲೆ ಅದ್ರಲ್ಲಿರೋ ಲೆಡ್-210, ಅಂದ್ರೆ ತಾನಾಗೇ ಒಡೀತಾ ಹೋಗೋ ವಿಕಿರಣದ ಸೀಸ, ಅಳೀತೀವಿ. ಅದು ಎಲ್ಲಿಂದ ಬರುತ್ತೆ ಅಂದ್ರೆ, ನೆಲದೊಳಗಿನ ಯುರೇನಿಯಂ ಸರಣೀಲಿ ರೇಡಾನ್ ಅನ್ನೋ ಅನಿಲ ಹುಟ್ಟಿ ಗಾಳಿಗೆ ಹೋಗುತ್ತೆ, ಅಲ್ಲಿ ಅದು ಒಡೆದು ಕೊನೆಗೆ ಲೆಡ್-210 ಆಗಿ ಮಳೆ ಧೂಳಿನ ಜೊತೆ ಕೆಳಗೆ ಬಿದ್ದು ಜೇಡಿ ಕಣಕ್ಕೆ ಅಂಟ್ಕೊಳ್ಳುತ್ತೆ, ಜೇಡಿ ಜೊತೆ ತಳ ಸೇರುತ್ತೆ. ಮೇಲೆ ಹೊಸ ಪದರ ಬಂದು ಮುಚ್ಚಿದ ಮೇಲೆ ಹೊಸದಾಗಿ ಬೀಳೋದು ನಿಂತು ಇದ್ದದ್ದು ಕಮ್ಮಿ ಆಗ್ತಾ ಹೋಗುತ್ತೆ, 22.3 ವರ್ಷಕ್ಕೆ ಅರ್ಧ. ಮಣ್ಣೊಳಗೇ ರೇಡಿಯಂನಿಂದ ಹುಟ್ಟೋ ಒಂದು ಪಾಲು ಯಾವಾಗ್ಲೂ ಇರುತ್ತೆ, ಅದನ್ನ ಕಳೀಬೇಕು. ಕಳೆದು ಉಳಿದದ್ದು ಪ್ರತಿ 10 ಸೆಂಟಿಮೀಟರ್ ಕೆಳಗೆ ಹೋದಾಗ ಅರ್ಧ ಆಗ್ತಿದೆ ಅಂತ ಇಟ್ಕೊಳ್ಳಿ, ಆಗ 10 ಸೆಂಟಿಮೀಟರಿಗೆ 22.3 ವರ್ಷ, ಅಂದ್ರೆ ವರ್ಷಕ್ಕೆ ಸುಮಾರು ನಾಲ್ಕೂವರೆ ಮಿಲಿಮೀಟರ್. ನಿಮ್ಮ ಸೊಸೆ ಹೇಳೋ ಅಂಕಿ ಹೆಚ್ಚಾಗಿ ಹಿಂಗೇ ಬಂದಿರುತ್ತೆ ಅಂಕಲ್.

ಇದು ನೂರು, ಹೆಚ್ಚಂದ್ರೆ ನೂರೈವತ್ತು ವರ್ಷದ ತನಕ ಮಾತ್ರ, ಆಮೇಲೆ ಅಳೆಯೋಕೆ ಏನೂ ಉಳಿದಿರಲ್ಲ. ತಾಳೆ ನೋಡೋಕೆ ಸೀಸಿಯಂ-137 ಹುಡುಕ್ತೀವಿ, ಅಣುಬಾಂಬ್ ಪರೀಕ್ಷೆಗಳಿಂದ ಬಂದದ್ದು, 1963ರ ಸುಮಾರಿಗೆ ಜಗತ್ತಲ್ಲೇ ಅತಿ ಹೆಚ್ಚು ಬಿದ್ದಿದ್ದು, ಹಂಗಾಗಿ ಕೋರಲ್ಲಿ ಅದು ಜಾಸ್ತಿ ಕಂಡ ಪದರ 1963ರದ್ದು ಅಂತ ಹಿಡೀಬಹುದು. ಆದ್ರೆ ನಮ್ಮ ದಕ್ಷಿಣದ ಕಡೆ ಬಿದ್ದಿದ್ದೇ ಕಮ್ಮಿ, ಅದ್ರಲ್ಲೂ 30 ವರ್ಷಕ್ಕೆ ಅರ್ಧ ಆಗೋದ್ರಿಂದ ಈಗ ಕಾಲುಭಾಗ ಉಳಿದಿದೆ ಅಷ್ಟೆ. ಡಿಟೆಕ್ಟರ್ ಮುಂದೆ ಸ್ಯಾಂಪಲ್ ಇಟ್ಟು ಕಾಯ್ತಾ ಕೂತ್ರೆ ಕೊನೆಗೆ ಸಿಗೋದು ಗೆರೆನೋ ಗಲಾಟೆನೋ ಗೊತ್ತಾಗಲ್ಲ. ಇನ್ನೂ ಹಳೇದಕ್ಕೆ ಕಾರ್ಬನ್-14, ಫೊರಾಮಿನಿಫೆರಾ ಅನ್ನೋ ಸಣ್ಣ ಜೀವಿಗಳ ಚಿಪ್ಪು ಆರಿಸಿ ಕಳಿಸೋದು, ಸುಮಾರು 50,000 ವರ್ಷದ ತನಕ ನಡೆಯುತ್ತೆ.

ಈಗ ಎಲ್ಲಿ ಮೋಸ ಹೋಗ್ತೀವಿ ಅಂತನೂ ಹೇಳ್ಬೇಕು. ಭಾರದ ಕೊಳವೆ ರಭಸದಿಂದ ಬಂದಾಗ ಮೇಲಿನ ನೀರುನೀರಾದ ಪದರ ಹಾರಿ ಹೋಗುತ್ತೆ, ಅಂದ್ರೆ ಈಚಿನ ವರ್ಷಗಳೇ ಮಾಯ. ನಿಧಾನಕ್ಕೆ ಇಳಿಯೋ ಮಲ್ಟಿಕೋರರ್ ಇದ್ರೆ ಅದು ಉಳಿಯುತ್ತೆ. ಎರಡನೇದು, ಹುಳ, ಏಡಿ ಎಲ್ಲ ತಳಾನ ಕೆದಕಿ ಕಲಸ್ತವೆ, ಮೇಲಿನ ಹೊಸ ಮಣ್ಣು ಕೆಳಗೆ ಹೋಗಿರುತ್ತೆ, ಲೆಕ್ಕ ಹಾಕಿದ್ರೆ ನಿಜಕ್ಕಿಂತ ಬೇಗ ಕೂರ್ತಿದೆ ಅಂತ ಬರುತ್ತೆ. ಮೂರನೇದು, ಮೇಲಿನ ಕೆಸರಲ್ಲಿ ಬಹುಪಾಲು ನೀರೇ, ಕೆಳಗೆ ಹೋದಂಗೆ ಒತ್ತಿ ಗಟ್ಟಿ ಆಗುತ್ತೆ, ಅದಕ್ಕೆ ಮಿಲಿಮೀಟರ್ ಕೇಳ್ಬೇಡಿ, ಒಂದು ಚದರ ಸೆಂಟಿಮೀಟರಿಗೆ ವರ್ಷಕ್ಕೆ ಎಷ್ಟು ಗ್ರಾಂ ಒಣ ಮಣ್ಣು ಅಂತ ಕೇಳಿ.

ಹಳೇ_ಇಂಜಿನಿಯರ್_ಹಾಸನ:

ಮೇಡಂ ಹೇಳಿದ್ದು ಸರಿ, ಆದ್ರೂ ಒಂದು ಕೋರ್ ಅಂದ್ರೆ ಒಂದು ಚುಕ್ಕಿ. ಅದನ್ನ ಇಟ್ಕೊಂಡು ಇಡೀ ಕರಾವಳಿಗೆ ಇಷ್ಟು ಮಿಲಿಮೀಟರ್ ಅಂತ ಬಣ್ಣ ಬಳಿದ್ರೆ ನಾನಂತೂ ಒಪ್ಪಲ್ಲ.

ಕಡಲಲ್ಲಿ_ಮೂಡಿಗೆರೆ:

ಸಾರ್ ಅದಕ್ಕೇ ಸಬ್‌ಬಾಟಮ್ ಪ್ರೊಫೈಲರ್ ಅಂತ ಇದೆ, ಕಮ್ಮಿ ಫ್ರೀಕ್ವೆನ್ಸಿ ಸದ್ದು, ಕೆಸರೊಳಗೆ ತೂರಿ ಒಳಗಿನ ಪದರ ತೋರಿಸ್ತದೆ. ತಳಕ್ಕೂ ಪದರಕ್ಕೂ ಹೋಗಿ ಬರೋಕೆ 10 ಮಿಲಿಸೆಕೆಂಡ್ ವ್ಯತ್ಯಾಸ ಬಂದ್ರೆ ಸುಮಾರು ಏಳೂವರೆ ಮೀಟರ್ ದಪ್ಪ. ಒಂದು ಕೋರಲ್ಲಿ ಆ ಪದರಕ್ಕೆ ವಯಸ್ಸು ಸಿಕ್ಕಿದ್ರೆ, ಅದೇ ಪದರಾನ ಹಡಗು ಓಡಿದಷ್ಟು ದೂರ ಹಿಂಬಾಲಿಸಿ ಎಲ್ಲಿ ದಪ್ಪ ಎಲ್ಲಿ ತೆಳು ನೋಡ್ಬಹುದು. ಆದ್ರೆ ಪಶ್ಚಿಮ ಕರಾವಳಿಯ ಕೆಸರಲ್ಲಿ ಕೊಳೆತ ಎಲೆಕಸದ ಗ್ಯಾಸ್ ತುಂಬಿರೋ ಜಾಗ ಬೇಕಾದಷ್ಟಿವೆ, ಅಲ್ಲಿ ಸದ್ದು ಒಳಗೆ ಹೋಗಲ್ಲ, ಸ್ಕ್ರೀನ್ ಮೇಲೆ ಬರೀ ಮಸಿ. ಅಂಥ ಕಡೆ ನೀವು ಹೇಳಿದ ಚುಕ್ಕಿನೇ ಗತಿ.

ಹೆತ್ತೂರು_ತೋಟ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸೊಸೆಗೆ ಲಿಂಕ್ ಕಳಿಸಿದೀನಿ, ಗ್ರಾಂ ಲೆಕ್ಕ ಯಾಕೆ ಹೇಳಿಲ್ಲ ಅಂತ ಕೇಳ್ತೀನಿ. ಇನ್ನೊಂದು, ಸಮುದ್ರ ಬಿಡಿ, ತೋಟದ ಕೆಳಗೆ ನಮ್ದೇ ಒಂದು ಕೆರೆ ಇದೆ, ಜೆಸಿಬಿ ಹಾಕಿ ಹೂಳು ಎತ್ತಿಸಿ ಕೆಲವು ವರ್ಷ ಆಯ್ತು, ಬಿಲ್ಲಿದೆ. ಅದ್ರಲ್ಲಿ ಲೆಡ್ ಗಿಡ್ ಇಲ್ದೆ ಅಳೀಬಹುದಾ?

ಹಳೇ_ಇಂಜಿನಿಯರ್_ಹಾಸನ:

ಆರಾಮಾಗಿ ಅಳೀಬಹುದು, ನಿಮ್ಮ ಹತ್ರ ಸೊನ್ನೆ ವರ್ಷ ಇದೆಯಲ್ಲ. ಏಪ್ರಿಲಲ್ಲಿ ನೀರು ಇಳಿದಾಗ ಏರಿಯಿಂದ ನೀರು ಬರೋ ತುದಿ ತನಕ ಹಗ್ಗ ಎಳೆದು, ಐದೈದು ಮಾರಿಗೆ ಒಂದು ಸಣ್ಣ ಗುಂಡಿ ತೋಡಿಸಿ. ಕಬ್ಬಿಣದ ಸರಳು ಚುಚ್ಚಿ ನೋಡ್ಬೇಡಿ, ಹಳೇ ತಳಾನೂ ಮೆತ್ತಗಿದ್ರೆ ಸರಳು ಹೋಗ್ತಾನೇ ಇರುತ್ತೆ. ಗುಂಡೀಲಿ ಹೊಸ ಹೂಳು ಕಪ್ಪಗೆ, ಎಲೆ ಕಡ್ಡಿ ಸೇರಿ ಸಡಿಲ ಇರುತ್ತೆ, ಅದ್ರ ಕೆಳಗೆ ಜೆಸಿಬಿ ಕೆರೆದ ಗಟ್ಟಿ ನೆಲ ಬೇರೆ ಬಣ್ಣದಲ್ಲಿ ಸಿಗುತ್ತೆ. ದಪ್ಪ ಬರ್ಕೊಂಡು, ಬಿಲ್ಲಿನ ತಾರೀಕಿಂದ ಇಲ್ಲಿ ತನಕ ಎಷ್ಟು ವರ್ಷ ಆಯ್ತೋ ಅಷ್ಟರಿಂದ ಭಾಗಿಸಿ. ನೀರು ಬರೋ ಬಾಯಲ್ಲಿ ಮರಳು ದಪ್ಪ ಕೂತಿರುತ್ತೆ, ಏರಿ ಹತ್ರ ನುಣ್ಣನೆದು, ಅದಕ್ಕೆ ಒಂದೇ ಕಡೆ ತೋಡಿ ಲೆಕ್ಕ ಹಾಕ್ಬೇಡಿ. ಮತ್ತೆ ಕೆರೇಲಿ ಕೂತಿದ್ದೇ ತೋಟದಿಂದ ಹೋದದ್ದು ಅಂತ ಅಂದ್ಕೋಬೇಡಿ, ಜುಲೈನಲ್ಲಿ ಕೋಡಿ ಬಿದ್ದಾಗ ಕೆಂಪು ನೀರಲ್ಲಿ ಹೋದ ಜೇಡಿ ಈ ಲೆಕ್ಕಕ್ಕೆ ಬರಲ್ಲ. ಅದೂ ಬೇಕು ಅಂದ್ರೆ ಕೋಡಿ ನೀರು ಬಾಟ್ಲಿಗೆ ಹಿಡಿದು ಒಣಗಿಸಿ ತೂಗಬೇಕು, ಕೋಡೀಲಿ ಎಷ್ಟು ನೀರು ಹೋಗ್ತಿದೆ ಅನ್ನೋದೂ ಬೇಕು. ಮಳೆ ಶುರು ಆದಾಗ ಕೋಡಿ ಅಗಲ, ಅದ್ರ ಮೇಲೆ ಹರಿಯೋ ನೀರಿನ ಎತ್ತರ ಎರಡೂ ಅಳೆದು ಇಲ್ಲಿ ಹಾಕಿ, ಲೆಕ್ಕ ನಾನು ಮಾಡ್ಕೊಡ್ತೀನಿ.